ಕಿಂಡಿಯ ಆ ಕಡೆ

ಮೂವತ್ತೊಂದು ವರ್ಷ ಹಳೇಬೀಡಿನ ಮ್ಯೂಸಿಯಮ್ಮಿನಲ್ಲಿ
ಕಿಂಡಿಯ ಈ ಕಡೆ ಕೂತು ಟಿಕೆಟ್ ಹರಿದವಳು ನಾನು.
ಅಂಗೈಯಗಲದ ಕಿಂಡಿ. ಕಂಡದ್ದು ಬರೀ ಕೈಗಳು:
ಬಳೆಯ ಕೈ, ಬೀಡಿಯ ಕೈ, ಶಾಲೆ ಮಕ್ಕಳ ಶಾಯಿ ಕೈ,
ಐದು ರೂಪಾಯಿಗೆ ಐನೂರರ ನೋಟು ಚಾಚಿ
ಚಿಲ್ಲರೆಗೆ ಜಗಳವಾಡುವ ಉಂಗುರದ ಕೈ.
ಮುಖ ನೋಡಬೇಕಾದರೆ ಬಗ್ಗಬೇಕಿತ್ತು.
ಬಗ್ಗಿದ್ದು ಕಡಿಮೆ.

ನಿವೃತ್ತಿಯ ದಿನ ಹಾರ ಹಾಕಿ ಗೋಡೆ ಗಡಿಯಾರ ಕೊಟ್ಟು
"ಇನ್ನೇನು ಮಾಡ್ತೀರಿ ಸುಗುಣಮ್ಮ?" ಅಂದರು.
"ಸಾಲಲ್ಲಿ ನಿಲ್ತೀನಿ" ಅಂದೆ.
ನಕ್ಕರು.

ಯಾವ ಸಾಲು ಅಂತ ಹುಡುಕುತ್ತ ಹುಡುಕುತ್ತ
ಸಿಕ್ಕಿದ್ದು ಅಥೆನ್ಸಿನ ಗುಡ್ಡ, ಮೇಲೊಂದು ಮುರುಕು ಗುಡಿ.
ಒಳಗಿದ್ದ ದೇವತೆ ಎಂದೋ ಹೊರಟುಹೋದಳಂತೆ,
ಕಂಬಗಳಿಗೆ ಯಾರೂ ಹೇಳಿಲ್ಲ.
ನಮ್ಮ ಗುಡಿಗೂ ಶಿಖರವಿಲ್ಲ. ಮುರಿದದ್ದನ್ನು ನೋಡಲು
ಜನ ಎಷ್ಟು ದೂರ ಬರುತ್ತಾರೆಂದು ನನಗೆ ಯಾರೂ ಕಲಿಸಬೇಕಿಲ್ಲ.

ಚೀಟಿ ಎತ್ತಿದೆ. ಟಿಕೆಟ್ಟಿಗೂ ಚೀಟಿ ಅಂತಲೇ ನಮ್ಮಮ್ಮ ಅನ್ನುತ್ತಿದ್ದುದು.
ನಲವತ್ತು ತಿಂಗಳು ಕಟ್ಟಿದ ಚೀಟಿಯಲ್ಲಿ
ಒಂದು ಗಂಟೆಯ ಚೀಟಿ.
ವಿಮಾನ, ಹೋಟೆಲು, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಜೈನ ಊಟ
ಎಲ್ಲ ಟೂರಿನವರದು; ಗುಡ್ಡದ ಟಿಕೆಟ್ ಮಾತ್ರ ಅವರವರದೇ ಅಂತೆ.

ಹಾಗಾಗಿ ಇವತ್ತು ಹಾಸನ, ನಸೀಮಾಳ ಸೈಬರ್ ಅಂಗಡಿ.
ಪಹಣಿ, ಆಧಾರ್ ತಿದ್ದುಪಡಿ, ಲ್ಯಾಮಿನೇಷನ್ನಿನ ನಡುವೆ
ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ನನ್ನ ಗ್ರೀಸು.

"ಸರ್‌ನೇಮ್ ಕೇಳ್ತಿದೆ ಆಂಟಿ."
ನನಗೆಲ್ಲಿಯ ಸರ್‌ನೇಮು? ಪಾಸ್‌ಪೋರ್ಟಿನವರು
ಇನಿಷಿಯಲ್ ಹಿಡಿದೆಳೆದು ಉದ್ದ ಮಾಡಿದ್ದಾರೆ: ಹಗರೆ.
ಹುಟ್ಟಿದೂರು ಹೀಗೆ ಮನೆತನವಾಯಿತು.
ಅಲ್ಲಿಯ ಕಾವಲಿನವನು ಹಾಳೆ ನೋಡಿ "ಹಗರೆ!" ಎಂದರೆ
ಸ್ಟಾಪು ಬಂತೆಂದು ಇಳಿದುಬಿಟ್ಟೇನು.

"ಎಷ್ಟು ಗಂಟೆಗೆ? ಗಂಟೆ ಗಂಟೆಗೂ ಬೇರೆ ಟಿಕೆಟ್."
ನಾನು ಯಾರಿಗೂ ಗಂಟೆ ಕೊಟ್ಟವಳಲ್ಲ.
ಶುಕ್ರವಾರ ರಜ; ಮಿಕ್ಕ ದಿನ ಯಾವಾಗ ಬಂದರೂ ಕಲ್ಲು ಅಲ್ಲೇ.
ಬೆಳಗಿನದೆಲ್ಲ ಖಾಲಿ. ಸಂಜೆ ಆರರದು ಇದೆ.
"ಸಂಜೆ ಬೇಡಮ್ಮ, ಹೊತ್ತು ಮುಳುಗೋ ಮುಂಚೆ ಉಣ್ಣಬೇಕು ನಾನು."
ಅವಳು ಏನೋ ಒತ್ತಿ ನೋಡಿ ಕಣ್ಣರಳಿಸಿದಳು:
"ಜೂನಲ್ಲಿ ಅಲ್ಲಿ ಹೊತ್ತು ಮುಳುಗೋದೇ ಎಂಟೂ ಮುಕ್ಕಾಲಿಗೆ!
ರೋಜಾ ಏನಾದ್ರೂ ಆಗ ಬಂದ್ರೆ ನಮ್ಮ ಗತಿ!"
ಮುಳುಗಿದ ಮೇಲೆ ಉಣ್ಣುವವಳು, ಮುಳುಗುವ ಮುನ್ನ ಉಣ್ಣುವವಳು
ಒಬ್ಬನೇ ಸೂರ್ಯನನ್ನು ಕಾಯುತ್ತ, ಪಾಪ ಅವನೇನು ಮಾಡಿಯಾನು,
ಆರಕ್ಕೇ ಒಪ್ಪಿದೆವು.

ಮೂವತ್ತು ಯೂರೋ. ನಸೀಮಾಳ ಕಾರ್ಡು, ನನ್ನ ನೋಟು.
ಲೆಕ್ಕ ಹಾಕಿದೆ: ಐದರಂತೆ ಆರುನೂರು ಟಿಕೆಟ್, ಮೇಲಷ್ಟು.
ಆರುನೂರು ಕೈಗಳು.
ಸ್ಟಾಫಿಗೆ ರಿಯಾಯಿತಿ ಉಂಟಾ ಅಂತ ಬಾಯಿಗೆ ಬಂತು, ನುಂಗಿದೆ.
ಓಟಿಪಿ ಬಂತು, ಕೈಕೊಟ್ಟಿತು, ಮತ್ತೆ ಬಂತು.

ಪ್ರಿಂಟರು ನರಳಿ ಹಾಳೆ ಹೊರಹಾಕಿತು.
ಮೂಲೆಯಲ್ಲಿ ಕಪ್ಪು ಬಿಳಿ ತೂತುತೂತಿನ ಚೌಕ,
ಹೊಯ್ಸಳೇಶ್ವರನ ಜಾಲಂಧ್ರದ ಥರ:
ಒಳಗಿದ್ದವರಿಗೆ ಹೊರಗು ಕಾಣುತ್ತದೆ,
ಹೊರಗಿದ್ದವರಿಗೆ ಬರೀ ಕತ್ತಲೆ.

"ಇದನ್ನ ಹರಿಯೋರು ಯಾರು?"
"ಯಾರೂ ಹರಿಯಲ್ಲ ಆಂಟಿ. ತೋರಿಸಿದ್ರೆ ಕೀಂಯ್ ಅನ್ನುತ್ತೆ,
ಗೇಟು ತೆಗೆಯುತ್ತೆ."
ಕಿಂಡಿ?
ಇಲ್ಲ.
ಕೂತವಳು?
ಅವಳೂ ಇಲ್ಲ.

ಕೈ ಕೇಳಬೇಕಲ್ಲ. ಹೆಬ್ಬೆರಳು ತಾನೇ ಅಂಚಿಗೆ ಹೋಗಿ
ಪರ್ ಅಂತ ಹರಿದೇಬಿಟ್ಟಿತು.
ನಸೀಮಾ ಚೀರಿ ಎದ್ದಳು. ಚೌಕ ಉಳಿದಿತ್ತು.
"ಇನ್ನೊಂದು ತೆಗೀಲಾ?"
"ಬೇಡ. ಸರಿಯಾಗಿದೆ."

ಹಳೇಬೀಡಿನ ಬಸ್ಸು. ಹೆಂಗಸರಿಗೆ ದುಡ್ಡಿಲ್ಲ,
ಟಿಕೆಟ್ ಉಂಟು: ಸೊನ್ನೆ ಎಂದು ಅಚ್ಚಾದದ್ದು.
ನೋಡದೆ ಚಾಚಿದ ಕಂಡಕ್ಟರ್; ನನಗೆ ಕಂಡದ್ದು ಕೈ.
ತಲೆಯೆತ್ತಿದೆ. ಎಳೆ ಮುಖ, ರೆಪ್ಪೆಯ ಮೇಲೊಂದು ಕುರು,
ಎರಡು ಪಾಳಿಯ ನಿದ್ದೆ.
"ಊಟ ಆಯ್ತೇನಪ್ಪ?"
ಅವನು ಗಲಿಬಿಲಿಯಾಗಿ ತಲೆಯಾಡಿಸಿ ಮುಂದೆ ಸರಿದ.

ಸೊನ್ನೆಯನ್ನು ಹರಿದ ಹಾಳೆಯೊಳಗಿಟ್ಟು ಮಡಿಸುತ್ತಿದ್ದೆ.
"ಹಗರೆ! ಯಾರ್ರೀ ಹಗರೆ?"
ನಾನೇ ಅನ್ನಲು ಬಾಯಿ ತೆರೆದೆ.
ಇಳಿಯಲಿಲ್ಲ.