ನೂರು ಒಗೆತದ ಬಟ್ಟೆ

ಜೆಪ್ಪುವಿನ ಈ ಗೂಡಂಗಡಿಯಲ್ಲಿ
ಹತ್ತೊಂಬತ್ತು ವರ್ಷದಿಂದ ಇಸ್ತ್ರಿ ಹಾಕುತ್ತೇನೆ.
ಕಣ್ಣು ಮುಚ್ಚಿ ಬೆರಳಿನಲ್ಲೇ ಹೇಳಬಲ್ಲೆ:
ಇದು ವಕೀಲರ ಟೆರಿಕಾಟ್, ಇದು ಕಾನ್ವೆಂಟಿನ ಲಂಗ,
ಇದು ಹೊಸ ಹತ್ತಿ, ಗರ್ವ ಇನ್ನೂ ಇಳಿದಿಲ್ಲ.

ನನ್ನ ಮಗಳ ಕೆನ್ನೆ ಮಾತ್ರ
ಯಾವ ಬಟ್ಟೆಯೆಂದು ತಿಳಿಯಲಿಲ್ಲ.
ಮೂರು ತಿಂಗಳಿಗೆ ಕೆಂಪಾಯಿತು,
ನಾಲ್ಕಕ್ಕೆ ಒರಟಾಯಿತು, ಮೇ ತಿಂಗಳ ಸೆಕೆಗೆ
ಮೊಣಕಾಲ ಹಿಂದಿನ ಮಡಿಕೆಯಲ್ಲಿ ನೀರೊಸರಿತು.
ರಾತ್ರಿಯಿಡೀ ತಲೆಯನ್ನು ದಿಂಬಿಗೆ ಉಜ್ಜುತ್ತಾಳೆ.
ತುರಿಕೆಯ ಜಾಗ ಎಲ್ಲೆಂದು ಗೊತ್ತಿಲ್ಲದ ಕೈ
ಬರಿಯ ಗಾಳಿಯನ್ನು ಕೆರೆಯುತ್ತದೆ.

ನಂಜು, ಎಂದಳು ಅಮ್ಮ.
ಅಂದಿನಿಂದ ನಳಿನಾಕ್ಷಿಗೆ ಬಂಗುಡೆ ಇಲ್ಲ, ಸಿಗಡಿ ಇಲ್ಲ,
ಬದನೆ ಇಲ್ಲ, ಊರೆಲ್ಲ ಹಲಸು ಘಮಘಮಿಸುವಾಗ
ಒಂದು ತೊಳೆ ಹಲಸಿಲ್ಲ.
ಗಂಜಿ, ಉಪ್ಪು, ಮತ್ತೆ ಗಂಜಿ.

ನಾಗ, ಎಂದರು ಮಾವ.
ಬನದ ಮರ ಕಡಿದವರು ಯಾರ ಅಜ್ಜ ಎಂದು
ಒಂದು ಸಂಜೆಯಿಡೀ ಲೆಕ್ಕ ಹಾಕಿದರು.
ತಂಬಿಲ ಕೊಟ್ಟೆವು. ಪ್ರಸಾದದ ಅರಸಿನ ಹುಡಿಯನ್ನು
ಅಮ್ಮ ಭಕ್ತಿಯಿಂದ ಆ ಕೆನ್ನೆಗೇ ಹಚ್ಚಿದಳು.
ಆ ರಾತ್ರಿಯ ಅಳು ಬೀದಿಯ ಕೊನೆಯವರೆಗೆ ಕೇಳಿತು.
ನಾಗನ ಮೇಲೆ ನನಗೆ ಸಿಟ್ಟಿಲ್ಲ.
ಪೊರೆ ಕಳಚುವವನಿಗೆ
ಚರ್ಮದ ಕಷ್ಟ ಗೊತ್ತಿರಲೇಬೇಕು.

ಕಂಕನಾಡಿಯ ಡಾಕ್ಟರ್ ಮೆಲಿಟಾ
ಮಗುವಿನ ಅಂಗಿಯನ್ನು ಮೂಗಿಗೆ ಹಿಡಿದು ಕೇಳಿದರು:
ಇದಕ್ಕೆ ಯಾವ ಸೋಪಿನ ಹುಡಿ?
ಹೆಮ್ಮೆಯಿಂದ ಹೆಸರು ಹೇಳಿದೆ, ಗಿರಾಕಿಗಳ ಬಟ್ಟೆಗೆ ಹಾಕುವುದೇ,
ಮಲ್ಲಿಗೆಯ ಪರಿಮಳ ಉಂಟು.
ಮತ್ತೆ ಈ ಅಂಗಿ ತಾನಾಗಿ ಹೀಗೆ ನಿಲ್ಲುವುದು ಹೇಗೆ?
ಗಂಜಿ, ಎಂದೆ. ಮೊದಲ ಮಗು, ಡಾಕ್ಟ್ರೇ.
ತಾಯಿಗೆ ತಟ್ಟೆಯಲ್ಲಿ ಗಂಜಿ,
ಮಗಳಿಗೆ ಬಟ್ಟೆಯಲ್ಲಿ ಗಂಜಿ,
ನನ್ನ ಪ್ರೀತಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಅವರು ಬೈಯಲಿಲ್ಲ.
ಕೆಲವು ಮಕ್ಕಳ ಚರ್ಮದ ಗೋಡೆಗೆ ಗಾರೆ ಕಡಿಮೆ, ಎಂದರು.
ಒಳಗಿನ ನೀರು ಹೊರಗೆ ಹೋಗುತ್ತದೆ,
ಹೊರಗಿನದ್ದೆಲ್ಲ ಒಳಗೆ ಬಂದು ಜಗಳ ತೆಗೆಯುತ್ತದೆ.
ಉಗುರು ಬೆಚ್ಚಗಿನ ನೀರು, ಐದೇ ನಿಮಿಷ.
ಒರೆಸಬೇಡಿ, ಒತ್ತಿ.
ಬಿಳಿ ಮುಲಾಮನ್ನು ಮೈಯಲ್ಲಿ ಪಸೆ ಇರುವಾಗಲೇ ಹಚ್ಚಿ,
ಕೆಂಪು ಜಾಗಕ್ಕೆ ಈ ಸಣ್ಣ ಟ್ಯೂಬು, ನಾನು ಹೇಳಿದಷ್ಟೇ ದಿನ.
ಬಾಣಂತಿ ಮೀನು ತಿನ್ನಲಿ.

ನಳಿನಾಕ್ಷಿ ಆ ಮಧ್ಯಾಹ್ನ ಮಾತಾಡದೆ
ನಾಲ್ಕು ಬಂಗುಡೆ ತಿಂದಳು.
ಮುಳ್ಳುಗಳನ್ನು ಅಮ್ಮನಿಗೆ ಕಾಣುವ ಹಾಗೆ
ತಟ್ಟೆಯಂಚಿನಲ್ಲಿ ಜೋಡಿಸಿಟ್ಟಳು.

ಪಸೆ ಇರುವಾಗಲೇ. ಇದು ನನ್ನದೇ ವಿದ್ಯೆಯಲ್ಲವೆ,
ಪೂರ್ತಿ ಒಣಗಿದ ಹತ್ತಿ
ಯಾವ ಇಸ್ತ್ರಿಗೂ ಬಗ್ಗುವುದಿಲ್ಲ.

ಎರಡು ದಿನ ಯಾರೊಡನೆಯೂ ಮಾತಾಡದ ಅಮ್ಮ
ಮೂರನೆಯ ದಿನ ಟ್ರಂಕಿನಿಂದ ಒಂದು ಸೀರೆ ತೆಗೆದಳು,
ಅಂಚಿನ ಬಣ್ಣ ಮರೆತುಹೋದ ಕೈಮಗ್ಗದ ಸೀರೆ.
ನಾನು ಹುಟ್ಟುವ ಮೊದಲಿನದು, ಎಂದಳು,
ನೂರು ಒಗೆತ ಕಂಡಿದೆ. ಬರೀ ನೀರಿನಲ್ಲಿ
ಇನ್ನೆರಡು ಸಲ ಜಾಲಾಡಿ ಕತ್ತರಿ ಕೈಗೆತ್ತಿಕೊಂಡಳು.
ಬೆರಳಿಗೆ ಸಿಕ್ಕಿದ್ದು ಬಟ್ಟೆಯೋ
ಬಟ್ಟೆಯ ನೆನಪೋ ನನಗೇ ತಿಳಿಯಲಿಲ್ಲ.
ಜಬಲ ಹೊಲಿದದ್ದು ನಾನು, ತಿರುವಿ:
ಊರಿಗೆಲ್ಲ ಹೊಲಿಗೆ ಒಳಗೆ,
ಧೃತಿಗೆ ಹೊರಗೆ.

ವಾಸಿಯಾಯಿತು ಎಂದು ಹೇಳಲಾರೆ.
ಹೋಗುತ್ತದೆ, ಸೆಕೆ ಏರಿದರೆ ಬರುತ್ತದೆ,
ಸಾಲ ವಸೂಲಿಯವನ ಹಾಗೆ ಬಾಗಿಲಲ್ಲಿ ಕೆಮ್ಮುತ್ತದೆ.
ಆದರೆ ಈಗ ಒಂದೇ ಹೊಡೆತಕ್ಕೆ ನಾಲ್ಕು ಗಂಟೆ ಮಲಗುತ್ತಾಳೆ.

ಅಂಗಡಿಯಿಂದ ಬಂದು ಕೈ ತೊಳೆದು
ಅಂಗೈಯಿಂದ ಕೆಂಡದ ಬಿಸಿ ಇಳಿಯುವವರೆಗೆ ಕೂರುತ್ತೇನೆ,
ಆಮೇಲೆ ಎತ್ತಿಕೊಳ್ಳುತ್ತೇನೆ.
ಅವಳಿಗೆ ಈಗ ಕೆರೆಯಲು ಬರುತ್ತದೆ.
ನನ್ನ ಹೆಬ್ಬೆರಳು ಹಿಡಿದು, ಅದರ ಬುಡದಲ್ಲಿ
ಇಸ್ತ್ರಿಪೆಟ್ಟಿಗೆ ಸುಟ್ಟ ಹಳೆಯ ಕಲೆಯನ್ನು
ಬಲು ಶ್ರದ್ಧೆಯಿಂದ ಕೆರೆಯುತ್ತಾಳೆ.
ಕೆರೆಯಲಿ.
ಅಲ್ಲಿ ಯಾರಿಗೂ ನೋವಿಲ್ಲ.