ಪೂರಾ ಹೆಸರು

ಚೇಳ್ಳಗುರ್ಕಿ ಕಡೆ ಮುಖ ಮಾಡಿ ಕೈಮುಗಿದು
ತಾತನ ಹೆಸರಿಟ್ವಿ: ಎರ್ರಿಸ್ವಾಮಿ.
ಹಳೇ ಶಾಲೆ ಹುಡುಗ್ರು ಅದನ್ನ ನಡುವೆ ಕತ್ತರಿಸಿದ್ರು.
ಸ್ವಾಮಿ ಕೆಳಗೆ ಬಿತ್ತು, ಎರ್ರಿ ಉಳೀತು.
ಬಳ್ಳಾರಿ ಇದು. ಕನ್ನಡದೋರಿಗೂ ಅಷ್ಟು ತೆಲುಗು ಬರ್ತದೆ,
ಹುಚ್ಚ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗ್ಲಿಲ್ಲ.

ಹಾಜರಿ ಕರೀವಾಗ ಮೇಡಮ್ಮೂ ಒಂದ್ಸಲ ನಕ್ಕರಂತೆ.
ಇವ ನಗಲಿಲ್ಲ, ಅಳಲಿಲ್ಲ,
ಪಕ್ಕದವನ ಚೀಲದ ಜಿಪ್ಪು
ಎಳೆದ, ಬಿಟ್ಟ, ಎಳೆದ, ಬಿಟ್ಟ,
ಕಿತ್ತು ಬರೋ ತನಕ.

ಟೀಸಿ ಕೊಟ್ರು. ಕಾರಣ ಅನ್ನೋ ಗೆರೆ ಮೇಲೆ
ದುಂಡಗೆ ಬರೆದಿತ್ತು: ಪೋಷಕರ ಕೋರಿಕೆ.
ನಾನು ಕೋರಿದ್ದು ಇನ್ನೊಂದು ವಾರ ನೋಡ್ರಿ ಅಂತ.

ಕೌಲ್ ಬಜಾರಿನ ಯೂನಿಟ್ಟಿನಾಗೆ ದಿನಕ್ಕೆ ನೂರಾ ಅರವತ್ತು ಜೇಬು ನನ್ನ ಲೆಕ್ಕ.
ಉಗುರಿನ ಸಂದಿ ನೀಲಿ ಉಪ್ಪು ಹಾಕಿ ತಿಕ್ಕಿದ್ರೂ ಹೋಗಲ್ಲ.
ಹಲ್ಲು ಮುರಿದ ಜಿಪ್ಪುಗಳನ್ನ ಗುಡಿಸೋ ಮುಂಚೆ ಆರಿಸಿಕೊಂಡು
ಸೆರಗಿಗೆ ಕಟ್ಟಿ ತರ್ತೀನಿ. ಅವನ ಬೊಂಬೆ ಅವು.

ಮೇ ತಿಂಗಳು. ಬಿಸಿಲು ಗುಡ್ಡದ ಬಂಡೆ ಬಿಟ್ಟಿಳಿದ ಮೇಲೆ
ಹೊಸ ಶಾಲೆ ದಾರಿ ಅಭ್ಯಾಸ.
ಮೊದಲ ದಿನ ಇಡ್ಲಿ ಗಾಡಿ ತನಕ.
ಮೂರನೇ ದಿನ ಟ್ರಾನ್ಸ್‌ಫಾರ್ಮರ್. ಅದರ ಗುಂಯ್ ಅವನಿಗೆ ಹಿಡಿಸಿ
ಅಲ್ಲೇ ಒಂದು ತಾಸು, ಹೋಗಿಬರೋರೆಲ್ಲ ನನ್ನ ಮುಖ ನೋಡ್ತಾ.
ಆರನೇ ದಿನ ಗೇಟು. ಬೀಗ. ಒಳಗೆ ಒಂದು ಬೇವಿನ ಗಿಡ, ನಾಯಿ.
ಒಂದೊಂದೇ ಸರಳು ಮುಟ್ಟಿದ. ಹನ್ನೊಂದು.
ರಾತ್ರಿ ನೆಲದ ಮೇಲೆ ಹನ್ನೊಂದು ಜಿಪ್ಪು ನೆಟ್ಟಗೆ ಜೋಡಿಸಿ ಮಲಗಿದ.
ಅವತ್ತು ನಾನೂ ನಿದ್ದೆ ಮಾಡಿದೆ.

ಸಮವಸ್ತ್ರದ ಅಂಗಿ ಹೊಲಿಗೆ ಅವನ ಬೆನ್ನಿಗೆ ಕೆಂಜಿಗ.
ಎಲ್ಲಾ ಬಿಚ್ಚಿ ತಿರುವಿ ಹೊಲಿದೆ,
ದಾರದ ಗಂಟು ಹೊರಗೆ, ನುಣುಪು ಒಳಗೆ.
ಮುನೀರಾ ಅಂದ್ಲು, ಅಲ್ಲೇ, ಉಲ್ಟಾ ಆತಲ್ಲ?
ನೋಡೋರಿಗೆ ಉಲ್ಟಾ ಕಣೆ, ಉಡೋನಿಗೆ ಸೀದಾ.

ಗಾದಿಲಿಂಗಪ್ಪ ಮೇಷ್ಟ್ರಿಗೆ ಕೊಡೋಕೆ
ಜೇಬಿನ ಅಳತೆ ಕತ್ತರಿಸೋ ಖಾಕಿ ಕಾಗದದ ಮೇಲೆ ಬರೆದೆ.
ನಾಕನೇ ಕ್ಲಾಸಿಗೆ ಬಿಟ್ಟ ಅಕ್ಷರ, ಕೈ ನಡುಗ್ತಿತ್ತು:
ಗಂಟೆ ಹೊಡೆಯೋ ಮುಂಚೆ ಅವನಿಗೆ ಹೇಳ್ರಿ.
ಅನ್ನಕ್ಕೆ ಸಾರು ತಾಗಬಾರದು.
ಹಿಂದಿನಿಂದ ಬಂದು ಮುಟ್ಟಬೇಡ್ರಿ.
ಹೆಸರು ಪೂರಾ ಕರೀರಿ.

ಎರಡು ಸಲ ಓದಿ ಅಂದ್ರು,
ಇಂಥ ಹುಡುಗಗ ನಾನು ಕಲಿಸಿಲ್ಲಮ್ಮ, ಬರ್ತದೋ ಇಲ್ಲೋ.
ಚೀಟಿ ಮಡಚಿ ಕನ್ನಡಕದ ಡಬ್ಬಿಯೊಳಗೆ ಇಟ್ಕೊಂಡ್ರು.

ಶಾಲೆ ಶುರುವಾದ ದಿನ
ಇಡ್ಲಿ ಗಾಡಿ ದಾಟಿದ, ಟ್ರಾನ್ಸ್‌ಫಾರ್ಮರ್ ದಾಟಿದ,
ಗೇಟಿನ ಮುಂದೆ ನೆಲಕ್ಕೆ ಬಿದ್ದು ಚೀರಿದ.
ನನಗೆ ಹೊಳೀಲೇ ಇಲ್ಲ.
ನಾನು ಅಭ್ಯಾಸ ಮಾಡಿಸಿದ್ದು ಮುಚ್ಚಿದ ಗೇಟು,
ಇವತ್ತು ಅದು ಬಾಯಿ ತೆರೆದಿತ್ತು,
ಸರಳೆಲ್ಲ ಗೋಡೆಗೆ ಅಂಟಿ, ಹನ್ನೊಂದು ಎಲ್ಲೂ ಇಲ್ಲ.

ಹೇಳಿದೆ, ಅತ್ತುಕೊಂಡೇ ಹೇಳಿದೆ.
ಮೇಷ್ಟ್ರು ಹೋಗಿ ಕರಕರ ಗೇಟು ಎಳೆದು ಮುಚ್ಚಿದ್ರು.
ತಡವಾಗಿ ಬಂದ ಮಕ್ಕಳೆಲ್ಲ ಹೊರಗೆ, ನಮ್ಮ ಜೊತೆ.
ಎದ್ದ. ಮೂಗು ಒರೆಸ್ಕೊಂಡ. ಎಣಿಸಿದ.
ಹನ್ನೊಂದನೇದು ಮುಟ್ಟಿ
ತಾನೇ ದೂಡಿದ.

ಅವತ್ತು ಬೇವಿನ ಗಿಡದ ತನಕ ಅಷ್ಟೇ. ಮರುದಿನವೂ ಅಷ್ಟೇ.
ಯೂನಿಟ್ಟಿನಾಗೆ ನಾಕು ದಿನದ ಅರ್ಧರ್ಧ ಕೂಲಿ ಹಿಡಿದ್ರು.

ಐದನೇ ದಿನ ಕಾಂಪೌಂಡಿನ ಹೊರಗೆ, ಕಿವಿ ಗೋಡೆಗಿಟ್ಟು ನಿಂತಿದ್ದೆ.
ಮೇಷ್ಟ್ರ ದನಿ, ಒಂದೊಂದೇ ಹೆಸರು.
ಎರ್ರಿಸ್ವಾಮಿ.
ಯಾರೂ ನಗಲಿಲ್ಲ. ಇದ್ದೀನಿ ಸಾರ್ ಅಂತಲೂ ಬರಲಿಲ್ಲ.
ಜಿಪ್ಪು ಎಳೆದ ಸದ್ದು, ಒಂದು.
ಮೇಷ್ಟ್ರು ಮುಂದಿನ ಹೆಸರು ಕರೆದ್ರು.