ಬಾಗಿಲು ಹಾಕೋ

ಆ ಮಾತು ನನ್ನದು.
ಇಪ್ಪತ್ತೊಂದು ವರ್ಷ ಗ್ಯಾರಿ ಊರಿನ ಕಾರುಗಳ ಕಿಟಕಿಯಿಂದ
ರಸ್ತೆಗೆ ಬೀಳುತ್ತಲೇ ಇದ್ದ ಮಾತು:
'ಬಾಗಿಲು ಹಾಕೋ ಲವೆಲ್, ಚಳಿ ಬರ್ತಿದೆ.'

ಹಾಡಿಗೆಂದು ಆಡಿದ್ದಲ್ಲ.
ಅವನ ಅಜ್ಜಿ ಮನೆಯ ನೆಲಮಾಳಿಗೆ,
ಬಟ್ಟೆ ಒಗೆಯುವ ಯಂತ್ರದ ಮೇಲೆ ಡ್ರಮ್ ಮಷೀನು,
ಗಿರವಿ ಅಂಗಡಿಯದು, ಎರಡು ಗುಂಡಿ ಉದುರಿದ್ದು.
ಮೆಟ್ಟಿಲ ಮೇಲೆ ನಾನು, ಬರಿಗಾಲು ಮಡಚಿಕೊಂಡು.
ಮೈಕು ಆನ್ ಇತ್ತಂತೆ.
ನನ್ನ ಮಾತು ಕತ್ತರಿಸಿದ, ತಿರುವಿದ, ಮತ್ತೆ ಹೊಲಿದ,
ಅಡಿಗೆ ಉಕ್ಕಿನ ಕಾರ್ಖಾನೆಯ ಸುತ್ತಿಗೆ ಇಟ್ಟ:
ದಡ್, ದದಡ್,
ಚಳಿ, ಚಳಿ,
ದಡ್.
ಊರೇ ತಲೆದೂಗಿತು.
ನನಗೆ ಸಿಕ್ಕಿದ್ದು ಒಂದು ತಟ್ಟೆ ಕರಿದ ಮೀನು.
ಸಿಟ್ಟಿಲ್ಲ. ಮೀನು ಚೆನ್ನಾಗಿತ್ತು.

ಈಗ ನಾನು ಬಸ್ಸು ಓಡಿಸುತ್ತೇನೆ,
ಬ್ರಾಡ್‌ವೇ ಉದ್ದಕ್ಕೂ, ಕಾರ್ಖಾನೆ ಗೇಟಿನವರೆಗೆ.
ಅವನ ಹೊಸ ಆಲ್ಬಮ್ ಶುಕ್ರವಾರ ಬಂತು.
ಡ್ರಮ್ಮೇ ಇಲ್ಲ.
ಒಂದು ಪಿಯಾನೋ, ಅದೂ ಶ್ರುತಿ ತಪ್ಪಿದ್ದು,
ಯಾರೋ ಉಸಿರೆಳೆದುಕೊಂಡು ಹಾಡದೆ ಸುಮ್ಮನಾಗುವುದು,
ಸರೋವರದ ಮೇಲಿನ ಗಾಳಿ.

ಸೋಮವಾರ ಬಸ್ಸು ಎರಡು ಪಾಲು.
'ಹಲ್ಲು ಕೀಳುವ ಡಾಕ್ಟರ ಕೋಣೆಯಲ್ಲಿ ಹಾಕೋದಿದು,' ಅಂದ
ಕುಲುಮೆ ಕೆಲಸದ ಮೋಸ್ಲಿ ಗಾಸ್ಕಿನ್.
'ನಮ್ಮ ಸುತ್ತಿಗೆ ಸದ್ದಲ್ಲಿ ಅನ್ನ ಉಂಡವನು
ಈಗ ಕೈ ತೊಳಕೊಂಡ.'
'ನಿನ್ನ ಸುತ್ತಿಗೆ ಅವನ ಬೆನ್ನ ಮೇಲೆ ಸಾಯೋತನಕ ಇರಬೇಕಾ?'
ಹಿಂದಿನ ಸೀಟಿನಿಂದ ನರ್ಸ್ ಇವೆಟ್.
'ನೀನು ಹತ್ತೊಂಬತ್ತರಲ್ಲಿ ಹಾಕಿದ ಅಂಗಿ
ಇವತ್ತೂ ಹಾಕ್ತೀಯೇನು?'
'ಹಾಕ್ತೀನಿ,' ಅಂದ ಮೋಸ್ಲಿ. ನಿಜವಾಗಿ ಹಾಕಿದ್ದ.
ನಗಬೇಕಿತ್ತು. ಯಾರೂ ನಗಲಿಲ್ಲ.
ಮೂವತ್ತೈದನೇ ಬೀದಿಯಲ್ಲಿ ಒಬ್ಬ ಮುಂಚೆಯೇ ಇಳಿದು ನಡೆದ,
ಮಾತು ಕೇಳಲಾರದೆ.

ಮನೆಯಲ್ಲೂ ಅದೇ. ಮಗ ಜೆರಿಕೋ,
'ಹಳೆಯದರಲ್ಲಿ ಅವನು ನಿನ್ನ ಬೈಗುಳ ಮಾರಿಕೊಂಡನಮ್ಮ,
ಇದರಲ್ಲಿ ತನ್ನದೇ ಏನೋ ಇಟ್ಟಿದ್ದಾನೆ.'
ಹದಿನೇಳರ ಹುಡುಗ. ಹೇಳುವುದು ಸುಲಭ.

ಎಲ್ಲರೂ ನನ್ನನ್ನೇ ಕೇಳುತ್ತಾರೆ,
'ಟನೀಕಾ, ನೀನು ಹೇಳು',
ಆ ಮಾಳಿಗೆಯ ಬೀಗದ ಕೈ ನನ್ನ ಸೊಂಟದಲ್ಲಿದ್ದ ಹಾಗೆ.
ನಾನು ಹೇಳುವುದಿಲ್ಲ:
ಒಂಬತ್ತು ಹಾಡಲ್ಲೂ ನನ್ನನ್ನೇ ಹುಡುಕಿದೆ.
ಸಾವಿನ ಮನೆಯ ಮಂಚದ ಮೇಲೆ ರಾಶಿ ಬಿದ್ದ ಕೋಟುಗಳಲ್ಲಿ
ನಮ್ಮದನ್ನು ಹುಡುಕುವಂತೆ,
ತೋಳು ಹಿಡಿದೆಳೆದು,
ಬೇರೆಯವರದ್ದೆಂದು ತಿಳಿದು, ಬಿಟ್ಟು.

ಇಂದು ರಾತ್ರಿ ಕೊನೆಯ ಟ್ರಿಪ್ಪು.
ಗೇಟಿನ ಬಳಿ ಏಳು ನಿಮಿಷ ನಿಲ್ಲಬೇಕು.
ಫೋನನ್ನು ಸ್ಟೀರಿಂಗಿಗೆ ಒರಗಿಸಿ ಹಾಕಿದೆ.
ಪಿಯಾನೋ ಶುರುವಾದದ್ದೇ
ಸೀಟಿನಡಿಯ ಎಂಜಿನ್ನು ತಾನೇ ತಾಳ ಹಾಕಿತು:
ದಡ್, ದದಡ್.
ಅರೆ, ಇದೇ ತಾನೇ ಬೇಕಿತ್ತು ಎಲ್ಲರಿಗೂ!
ಕಾಲು ಕುಣಿಯಿತು. ಹಳೆಯ ಲವೆಲ್, ಮೆಟ್ಟಿಲು, ಮೀನಿನ ವಾಸನೆ.
ಒಂದು ನಿಮಿಷ ಹಾಗೇ ಕೇಳಿದೆ, ಕದ್ದು ತಿನ್ನುವವಳಂತೆ.

ಆಮೇಲೆ ಕೀಲಿ ತಿರುಗಿಸಿ ನಿಲ್ಲಿಸಿದೆ.
ಜನವರಿಯಲ್ಲಿ ಎಂಜಿನ್ ನಿಲ್ಲಿಸಬಾರದು, ನಿಯಮ.
ಕಾರ್ಖಾನೆಯ ದೀಪ ಹಿಮದ ಮೇಲೆ ಕೆಂಪಗೆ ಬಿದ್ದಿತ್ತು.
ಯಾರೋ ಉಸಿರೆಳೆದುಕೊಂಡ.
ನಾನೂ ಎಳೆದುಕೊಂಡೆ. ಕಾದೆ.
ಅವನು ಹಾಡಲಿಲ್ಲ.
ಈ ಸಲ ಅದು ಕೊರತೆ ಅನ್ನಿಸಲಿಲ್ಲ;
ಇಷ್ಟವಾಯಿತೆಂದೂ ಹೇಳಲಾರೆ.

ಪಾಳಿ ಮುಗಿಸಿದ ಹುಡುಗನೊಬ್ಬ ಹತ್ತಿದ,
ಹೊಸಬ, ಹಳೆಯದನ್ನು ಕೇಳಿರಲಿಕ್ಕಿಲ್ಲ,
ಕೈ ಉಜ್ಜುತ್ತ ಮುಂದಿನ ಸೀಟಲ್ಲಿ ಕೂತ.
'ಆಂಟೀ, ಬಾಗಿಲು ಹಾಕಿ,' ಅಂದ,
'ಚಳಿ ಬರ್ತಿದೆ.'

ತಡಿಯೋ, ಅಂದೆ.
ಇನ್ನೂ ಸ್ವಲ್ಪ ಇದೆ.